ಜಯತೀರ್ಥ ಮಾಸ್ತರರು ಪಾಸು ಮಾಡಿಸಿದ ರಿಪೋರ್ಟು

ಇಂಡಿ ಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಂದು ಲ್ಯಾಬ್ ಇದೆ. ಅಲ್ಲಿ ಹತ್ತೊಂಬತ್ತು ವರ್ಷಗಳಿಂದ ನಾನು ಜನರ ರಕ್ತ ತೆಗೆಯುತ್ತಿದ್ದೇನೆ. ನನ್ನ ಹೆಸರು ರಾಜೇಶ್ವರಿ. ಸೂಜಿ ಕಂಡರೆ ಕಣ್ಣು ಮುಚ್ಚುವ ದಪ್ಪ ಮೀಸೆಯವರನ್ನು ನೋಡಿದ್ದೇನೆ, ನಕ್ಕು ಬಿಟ್ಟಿದ್ದೇನೆ. ರಿಪೋರ್ಟ್ ಬಿಚ್ಚಲು ಹೆದರಿ ಮೂರು ದಿನ ದೇವರ ಮುಂದೆ ಇಟ್ಟವರನ್ನೂ ನೋಡಿದ್ದೇನೆ, ಅಯ್ಯೋ ಪಾಪ ಅಂದಿದ್ದೇನೆ. ಆದರೆ ರಿಪೋರ್ಟನ್ನು ಮಾರ್ಕ್ಸ್ ಕಾರ್ಡು ಎಂದು ತಿಳಿದು, ಕಡಿಮೆ ಬಂದರೆ ಅವಮಾನ, ಹೆಚ್ಚು ಬಂದರೆ ಬಹುಮಾನ ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥವರಲ್ಲಿ ಮೊದಲನೆಯವರು ಜಯತೀರ್ಥ ಮಾಸ್ತರರು.

ಮಾಸ್ತರರಿಗೆ ಈಗ ಅರವತ್ತಾರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಹಣೆಯಲ್ಲಿ ಅಂಗಾರ ಅಕ್ಷತೆ, ಜೇಬಿನಲ್ಲಿ ಕೆಂಪು ಪೆನ್ನು. ಅವರು ನಿವೃತ್ತರಾಗಿ ಆರು ವರ್ಷವಾಯಿತು, ಆ ಪೆನ್ನು ಮಾತ್ರ ಇನ್ನೂ ನೌಕರಿಯಲ್ಲಿದೆ. ಯಾರಾದರೂ ಮದುವೆ ಕಾರ್ಡು ಕೊಟ್ಟರೆ ಮೊದಲು ಅದರ ತಪ್ಪುಗಳಿಗೆ ಸುತ್ತು ಹಾಕುತ್ತಾರೆ, ಆಮೇಲೆ ಮದುವೆ ಯಾವತ್ತು ಅಂತ ನೋಡುತ್ತಾರೆ. ಅವರ ನೌಕರಿ ಶುರುವಾದದ್ದು ಸಿಂದಗಿ ತಾಲೂಕಿನ ಯಂಕಂಚಿಯಲ್ಲಿ. ಅಲ್ಲಿಂದ ಮನಗೂಳಿ, ಕೊನೆಗೆ ಇಂಡಿ. ಎಲ್ಲ ಕಡೆ ವಿಜ್ಞಾನ ಕಲಿಸಿದರು. ಯಂಕಂಚಿ ನನ್ನ ತವರು. ಏಳನೇ ಇಯತ್ತೆಯಲ್ಲಿ ನಾನು ಅವರ ಕೈಗೆ ಸಿಕ್ಕೆ.

ವಿಟಮಿನ್ ಪಾಠವನ್ನು ಅವರು ಹಾಡಿನ ಹಾಗೆ ಹೇಳಿಸುತ್ತಿದ್ದರು. ಎ ಕಮ್ಮಿಯಾದರೆ ಇರುಳುಗುರುಡು, ಬಿ ಕಮ್ಮಿಯಾದರೆ ಬೆರಿಬೆರಿ, ಸಿ ಕಮ್ಮಿಯಾದರೆ ಸ್ಕರ್ವಿ, ಡಿ ಕಮ್ಮಿಯಾದರೆ ರಿಕೆಟ್ಸ್. ಹೆಚ್ಚಾದರೆ ಏನು ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಪೆಟ್ಟು ಬೀಳುತ್ತಿತ್ತು. ನಾನು ನಾಲ್ಕನೇ ಬೆಂಚು, ದಡ್ಡರ ಸಾಲು. ಬೆರಿಬೆರಿಗೂ ಸ್ಕರ್ವಿಗೂ ಅದಲು ಬದಲು ಹೇಳಿ ಅಂಗೈ ಕೆಂಪಗೆ ಮಾಡಿಸಿಕೊಂಡವಳು.

ಆ ಪೆಟ್ಟನ್ನು ನಾನು ಯಾವಾಗಲೋ ಮರೆತೆ. ಮರೆಯದೆ ಉಳಿದದ್ದು ಬೇರೆ. ತಾಲೂಕಿನಿಂದ ಇನ್‌ಸ್ಪೆಕ್ಟರ್ ಸಾಹೇಬರು ಸಾಲೆ ನೋಡಲು ಬರುವವರಿದ್ದರು. ಹಿಂದಿನ ದಿನ ಸಂಜೆ ಮಾಸ್ತರರು ನಮ್ಮಲ್ಲಿ ಏಳು ಜನರನ್ನು ಎಬ್ಬಿಸಿ ನಿಲ್ಲಿಸಿ, “ನಾಳೆ ನೀವು ಬರಬ್ಯಾಡ್ರಿ. ಮನ್ಯಾಗ ಇರ್ರಿ” ಅಂದರು. ನಮ್ಮ ಏಳು ಜಾಗಗಳಲ್ಲಿ ಎಂಟನೇ ಇಯತ್ತೆಯ ಜಾಣ ಹುಡುಗರನ್ನು ತಂದು ಕೂರಿಸಿದರು. ಸಾಹೇಬರು “ಅತ್ಯುತ್ತಮ” ಎಂದು ಬರೆದು ಹೋದರಂತೆ. ಆ ದಿನ ನಾನು ಅವ್ವನ ಜತೆ ಜೋಳದ ಹೊಲದಲ್ಲಿ ಕಸ ತೆಗೆಯುತ್ತ ಕೂತಿದ್ದೆ, ಯಾಕೆ ಸಾಲೆಗೆ ಹೋಗಲಿಲ್ಲ ಎಂದು ಕೇಳಿದವರಿಗೆಲ್ಲ ಹೊಟ್ಟೆನೋವು ಅಂದೆ. ಹನ್ನೆರಡು ವರ್ಷದ ಹುಡುಗಿಗೆ ಎಂಥ ನಾಚಿಕೆ ಅದು, ಥೂ.

ಮಾಸ್ತರರು ನಿವೃತ್ತರಾಗಿ ಇಂಡಿಯಲ್ಲೇ ನೆಲೆ ನಿಂತರು. ಮಕ್ಕಳಿಲ್ಲ. ಹೆಂಡತಿ ತುಳಸೀಬಾಯಿ, ಐವತ್ತೆಂಟರ ಬಡಕಲು ಹೆಂಗಸು, ಮೆಲುಮಾತು. ಹಿರಿಯ ನಾಗರಿಕರ ಸಂಘವೊಂದಿದೆ, ಮಾಸ್ತರರೇ ಅಧ್ಯಕ್ಷರು, ಬೇರೆ ಯಾರಿಗೂ ಆ ಕುರ್ಚಿಯಲ್ಲಿ ಕೂರಲು ಬಿಟ್ಟರೆ ತಾನೇ? ಪ್ರತಿ ರವಿವಾರ ಸಂಘದ ಹಾಲ್‌ನಲ್ಲಿ ಅವರ ಭಾಷಣ. ವಿಷಯ ಒಂದೇ: ಸಾತ್ವಿಕ ಆಹಾರ. ತಮ್ಮ ಮನೆಯ ಮಡಿ ಅಡುಗೆಯಲ್ಲಿ ಮನುಷ್ಯನಿಗೆ ಬೇಕಾದ್ದೆಲ್ಲ ಇದೆ, ಬಾಕಿಯವರೆಲ್ಲ ತಿಂದು ತಿಂದು ಕೆಟ್ಟರು. ಲಿಂಬೆಹಣ್ಣಿನ ಊರಲ್ಲಿ ಹುಟ್ಟಿ ವಿಟಮಿನ್ ಕಮ್ಮಿ ಅನ್ನುವವರಿಗೆ ನಾಚಿಕೆ ಇಲ್ಲ ಅನ್ನುತ್ತಿದ್ದರು. ಲಿಂಬೆಯಲ್ಲಿರುವುದು ಒಂದೇ ಜಾತಿಯ ವಿಟಮಿನ್ ಮಾಸ್ತರರೇ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ನನಗೂ.

ಕಳೆದ ವರ್ಷ ಜೂನ್‌ನಲ್ಲಿ ಆ ಸಂಘದಲ್ಲಿ ರಕ್ತ ತಪಾಸಣೆ ಶಿಬಿರ ಆಯಿತು. ನಮ್ಮ ಲ್ಯಾಬಿನವರು ಹೋಗಿ ಮೂವತ್ತೆರಡು ಜನರ ರಕ್ತ ತೆಗೆದೆವು. ಮುಂದಿನ ರವಿವಾರ ರಿಪೋರ್ಟು ತೆಗೆದುಕೊಂಡು ಹೋದಾಗ ಮಾಸ್ತರರು ಇಡೀ ಕಟ್ಟನ್ನು ನನ್ನ ಕೈಯಿಂದ ಕಸಿದುಕೊಂಡರು.

“ಒಬ್ಬೊಬ್ಬರದೂ ನಾ ಓದತೀನಿ. ಎಲ್ಲಾರೂ ಕೇಳಲಿ.”

“ಸರ್, ಅದು ಅವರವರ ಖಾಸಗಿ ವಿಷಯ ಐತ್ರಿ” ಅಂದೆ.

“ಏ ನಾಲ್ಕನೇ ಬೆಂಚು, ಸುಮ್ಮನ ಕೂಡು. ಇಲ್ಲಿ ಖಾಸಗಿ ಏನದ? ನಾವೆಲ್ಲಾ ಒಂದ ಮನಿಯವರು.”

ನಲವತ್ಮೂರು ವರ್ಷದ ಹೆಂಗಸು ನಾನು, ಮಗಳು ಕಾಲೇಜಿಗೆ ಹೋಗುತ್ತಾಳೆ. ಮೂವತ್ತೆರಡು ಜನರ ಮುಂದೆ ನಾಲ್ಕನೇ ಬೆಂಚು! ಬಾಯಿ ಮುಚ್ಚಿಕೊಂಡು ಕೂತೆ. ಮಾಸ್ತರರು ಕೆಂಪು ಪೆನ್ನು ತೆಗೆದು ಒಂದೊಂದೇ ರಿಪೋರ್ಟು ಓದತೊಡಗಿದರು. ಸಕ್ಕರೆ ಇಷ್ಟು, ಕೊಬ್ಬು ಇಷ್ಟು, ಬಿ-ಟ್ವೆಲ್ವ್ ಇಷ್ಟು. ಹೆಚ್ಚುಕಮ್ಮಿ ಇದ್ದವರಿಗೆಲ್ಲ ಎರಡೆರಡು ಮಾತು ಬೈಗುಳ. ಅವರ ಬದ್ಧ ವೈರಿ ರಾವಸಾಬ, ನಿವೃತ್ತ ಬಸ್ ಕಂಡಕ್ಟರ್, ಅಮಾವಾಸ್ಯೆಗೊಮ್ಮೆ ಊರ ಹೊರಗೆ ಹೋಗಿ ಕುರಿ ಕೊಯ್ದ ಬ್ಯಾಟಿ ಊಟ ಮಾಡಿ ಬರುವ ಮನುಷ್ಯ. ಅವನ ಬಿ-ಟ್ವೆಲ್ವ್ ನಾನೂರ ಎಂಬತ್ತು. ಮಾಸ್ತರರು ಅದನ್ನು ಸರ್ರನೆ ಓದಿ ಪಕ್ಕಕ್ಕಿಟ್ಟರು. ತಮ್ಮದು ಮುನ್ನೂರ ಹತ್ತು, ಅದನ್ನು ಎರಡು ಸಲ ಓದಿದರು. ಆಮೇಲೆ ಹೆಂಡತಿಯ ರಿಪೋರ್ಟು ಕೈಗೆ ಬಂತು, ಅದನ್ನು ಓದದೆ ಕಟ್ಟಿನ ಕೆಳಗೆ ಸರಿಸಿದರು.

ರಾವಸಾಬ ಸುಮ್ಮನಿರುವ ಆಸಾಮಿಯೇ? ಎದ್ದು ಹೋಗಿ ಕಾಗದ ಕಸಿದು ತಾನೇ ಓದಿದ. ತೊಂಬತ್ತೆಂಟು. ಕನಿಷ್ಠ ಇನ್ನೂರರ ಹತ್ತಿರವಾದರೂ ಇರಬೇಕಾದ್ದು ತೊಂಬತ್ತೆಂಟು.

“ಅರೆ ವಾ ಮಾಸ್ತರ್! ನಿಮ್ಮ ಮಡಿ ಅಡಗಿ ನಾಪಾಸ ಆತಲ್ರಿ! ಬಾಯಾರನ್ನ ಒಂದ ದಿವಸ ನಮ್ಮ ಮನಿಗೆ ಕಳಸ್ರಿ, ನಮ್ಮಾಕಿ ಕುರಿಕಾಲಿನ ಪಾಯಾ ಮಾಡಿ ಕುಡಸ್ತಾಳ!”

ಹಾಲ್ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ, ಎಲ್ಲರಿಗಿಂತ ಜೋರಾಗಿ ನಕ್ಕೆ. ನಗದವರು ಇಬ್ಬರೇ. ಒಬ್ಬರು ಮಾಸ್ತರರು. ಇನ್ನೊಬ್ಬರು ತುಳಸೀಬಾಯಿ, ಅವರು ಆಗ ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು. ಒಂದು ಕಾಲಿನ ಚಪ್ಪಲಿ ಬಾಗಿಲಲ್ಲೇ ಕಳಚಿ ಬಿದ್ದಿದ್ದು ಅವರಿಗೆ ಆಗಷ್ಟೇ ಗೊತ್ತಾಗಿತ್ತು.

ಶಿಬಿರದ ಡಾಕ್ಟರಮ್ಮ ಆ ದಿನವೂ ಬಂದಿದ್ದರು, ಚಿಕ್ಕ ವಯಸ್ಸಿನವರು, ಬುದ್ಧಿ ಇದ್ದವರು. ತುಳಸೀಬಾಯಿಯನ್ನು ಪಕ್ಕಕ್ಕೆ ಕರೆದು ಕಾಲು ನೋಡಿದರು. ಪಾದ ಜುಮು ಜುಮು ಅನ್ನುತ್ತದೆಯೇ? ಹೌದು. ಬಿಸಿ ಬೂದಿ ತುಳಿದರೂ ತಿಳಿಯುವುದಿಲ್ಲವೇ? ಹೌದು. ಮುಖ ತೊಳೆಯಲು ಕಣ್ಣು ಮುಚ್ಚಿದರೆ ಮೈ ತೂರಾಡುತ್ತದೆಯೇ? “ಹೌದ್ರಿ, ನಮಸ್ಕಾರಕ್ಕ ಕಣ್ಣು ಮುಚ್ಚಿದ್ರ ಬಿದ್ದೇ ಬಿಡ್ತೀನಿ. ನಿಮಗ ಹೆಂಗ ಗೊತ್ತಾತು?” ಎಂದು ತುಳಸೀಬಾಯಿ ಬೆರಗಾದರು.

ಡಾಕ್ಟರಮ್ಮ ಮಾಸ್ತರರಿಗೆ ಬಿಡಿಸಿ ಹೇಳಿದರು. ಬಿ-ಟ್ವೆಲ್ವ್ ಕಡಿಮೆ ಬಂದರೆ ಅದಕ್ಕೆ ಒಂದೇ ಅರ್ಥವಿಲ್ಲ. ಊಟದಲ್ಲಿ ಸಾಲದೇ ಇರಬಹುದು, ಊಟದಲ್ಲಿದ್ದರೂ ಹೊಟ್ಟೆ ಅದನ್ನು ಹೀರದೇ ಇರಬಹುದು. ತುಳಸೀಬಾಯಿ ಸಕ್ಕರೆ ಕಾಯಿಲೆಗೆ ಹನ್ನೆರಡು ವರ್ಷದಿಂದ ನುಂಗುತ್ತಿರುವ ಗುಳಿಗೆಯೂ ಅದನ್ನು ಇಳಿಸುತ್ತದೆ. ಯಾವುದೇ ಇರಲಿ, ಈಗ ಸೂಜಿ ಬೇಕು. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ನರಗಳ ಮಾತು ಇದು, ತಡ ಮಾಡಿದರೆ ಹೋದದ್ದು ಪೂರ್ತಿ ಹಿಂದೆ ಬರುವುದಿಲ್ಲ.

ಮಾಸ್ತರರು ಕೇಳಿದ್ದು ಒಂದೇ ಪ್ರಶ್ನೆ. “ನಾನೂ ಅದೇ ಊಟ ಮಾಡ್ತೀನಿ. ನಂದು ಮುನ್ನೂರ ಹತ್ತು ಹೆಂಗ ಬಂತು?”

ಹೆಂಗೆ ಬಂತು ಎಂದು ನಾನು ಹೇಳುತ್ತೇನೆ. ಅವರ ಮನೆಗೆ ರಕ್ತ ತೆಗೆಯಲು ಎಷ್ಟೋ ಸಲ ಹೋಗಿದ್ದೇನೆ, ಊಟದ ಹೊತ್ತಿಗೂ ಹೋಗಿದ್ದೇನೆ. ಹಾಲಿನ ಕೆನೆ ಮಾಸ್ತರರಿಗೆ. ಗಟ್ಟಿ ಮೊಸರು ಮಾಸ್ತರರಿಗೆ. ಮಲಗುವ ಮುಂದೆ ಲೋಟದ ತುಂಬ ಹಾಲು ಮಾಸ್ತರರಿಗೆ. ತುಳಸೀಬಾಯಿ ಕೊನೆಗೆ ಉಣ್ಣುವವರು, ಮೊಸರಿನ ಪಾತ್ರೆಗೆ ನೀರು ಹಾಕಿ ಕಲಕಿ ಕುಡಿಯುವವರು. ಸೊಪ್ಪು, ಕಾಳು, ಲಿಂಬೆ ಯಾವುದರಲ್ಲೂ ಇಲ್ಲದ ಆ ವಿಟಮಿನ್ ಅವರ ಮನೆಗೆ ಬರುವುದು ಹಾಲಿನಲ್ಲಿ ಮಾತ್ರ. ಆ ಮುನ್ನೂರ ಹತ್ತರಲ್ಲಿ ನೂರೋ ನೂರೈವತ್ತೋ ಹೆಂಡತಿಯದು. ಅದನ್ನು ಎರಡು ಸಲ ಓದಿ ಹೇಳಿದ ಮಹಾನುಭಾವರು ಇವರು.

ಮಾಸ್ತರರು ಸೂಜಿ ಮಾಡಿಸಲಿಲ್ಲ. ರಕ್ತ ತೆಗೆದವಳು ನಾನು, ತಪ್ಪು ತೆಗೆದಿದ್ದೇನೆ, ಬೇರೆಯವರ ರಕ್ತ ಹೆಸರು ಬದಲಾಗಿ ಹೋಗಿದೆ ಎಂದು ಊರೆಲ್ಲ ಹೇಳಿದರು. “ಆಕಿ ಸಾಲ್ಯಾಗೂ ಹಂಗ ಇದ್ದಳು, ಬೆರಿಬೆರಿಗೆ ಸ್ಕರ್ವಿ ಅಂತಿದ್ದಳು.” ಮುಂದಿನ ರವಿವಾರದ ಭಾಷಣದಲ್ಲಿ ಶಪಥ ಮಾಡಿದರು: ನವರಾತ್ರಿಯೊಳಗೆ ಮತ್ತೆ ತಪಾಸಣೆ ಮಾಡಿಸುತ್ತೇನೆ, ಒಂದು ಗುಳಿಗೆ, ಒಂದು ಸೂಜಿ ಇಲ್ಲದೆ ನಮ್ಮ ಮನೆ ಅಡುಗೆಯಿಂದಲೇ ಅಂಕಿ ಏರಿಸಿ ತೋರಿಸುತ್ತೇನೆ.

ಆಷಾಢ ಬಂತು, ಚಾತುರ್ಮಾಸ್ಯ ಕೂತಿತು. ಅವರಲ್ಲಿ ಒಂದು ತಿಂಗಳು ಕಾಯಿಪಲ್ಯ ಬಿಡುತ್ತಾರೆ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು, ಒಂದು ತಿಂಗಳು ಬೇಳೆ. ವ್ರತದ ಮೇಲೆ ನನಗೆ ಸಿಟ್ಟಿಲ್ಲ. ಅದೇ ಓಣಿಯ ಸುಮೇಧಾ ಟೀಚರೂ ಅದೇ ವ್ರತ ಹಿಡಿಯುತ್ತಾರೆ, ಆರು ತಿಂಗಳಿಗೊಮ್ಮೆ ನನ್ನ ಹತ್ತಿರ ರಕ್ತ ತೋರಿಸುತ್ತಾರೆ, ಬೇಕಾದರೆ ಸೂಜಿಯನ್ನೂ ತೆಗೆದುಕೊಳ್ಳುತ್ತಾರೆ. ದೇವರು ಬೇಡ ಅಂದದ್ದು ಹಾಲು ಮೊಸರು, ಔಷಧವನ್ನಲ್ಲ. ಮಾಸ್ತರರ ತಲೆಗೆ ಇದು ಹೋದರೆ ತಾನೇ? ಇದ್ದ ಒಂದು ದಾರಿಯೂ ತುಳಸೀಬಾಯಿಗೆ ಹಾಲು ಮೊಸರು ಬಿಟ್ಟ ಆ ಎರಡು ತಿಂಗಳು ಅರ್ಧಕ್ಕರ್ಧ ಮುಚ್ಚಿತು.

ಅಕ್ಟೋಬರ್‌ನ ಒಂದು ಸೋಮವಾರ ಬೆಳಿಗ್ಗೆ ಗಂಡ ಹೆಂಡತಿ ಲ್ಯಾಬಿಗೆ ಬಂದರು. ಮಾಸ್ತರರ ಮುಖದಲ್ಲಿ ಎಂಥ ಕಳೆ! ತುಳಸೀಬಾಯಿ ಮೆಟ್ಟಿಲು ಹತ್ತಲು ಗೋಡೆ ಹಿಡಿದಿದ್ದರು. ಫಾರ್ಮಿನಲ್ಲಿ ಒಂದು ಪ್ರಶ್ನೆ ಇರುತ್ತದೆ, ಕೇಳಿದೆ.

“ಬಾಯಾರ, ಇತ್ತೀಚಿಗೆ ವಿಟಮಿನ್ ಸೂಜಿ, ಗುಳಿಗಿ ಏನರೆ ತಗೊಂಡೀರೇನ್ರಿ?”

ತುಳಸೀಬಾಯಿ ಗಂಡನ ಕಡೆ ನೋಡಿದರು. “ಇಲ್ಲ ಅಂತ ಬರಿ” ಅಂದರು ಮಾಸ್ತರರು.

ಇಲ್ಲ ಎಂದು ಬರೆದೆ. ರಕ್ತ ತೆಗೆದೆ. ಮೂತ್ರಕ್ಕೆ ಬಾಟಲಿ ಕೊಟ್ಟೆ. ತುಳಸೀಬಾಯಿ ತಂದು ಮೇಜಿನ ಮೇಲಿಟ್ಟ ಬಾಟಲಿ ನೋಡಿ ನನ್ನ ಕೈ ನಿಂತಿತು. ತಿಳಿ ಗುಲಾಬಿ ಬಣ್ಣ. ರಕ್ತ ಹೋಗುತ್ತಿದೆಯೇನೋ ಅಂದುಕೊಂಡೆ. ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ, ಒಂದು ರಕ್ತಕಣವೂ ಇಲ್ಲ. ಆಗ ತಿಳಿಯಿತು. ಬಿ-ಟ್ವೆಲ್ವ್ ಔಷಧದ ಬಣ್ಣವೇ ಕೆಂಪು. ಸೂಜಿ ಮಾಡಿಸಿದ ಮೇಲೆ ಒಂದೆರಡು ದಿನ, ಮೈಗೆ ಹೆಚ್ಚಾದದ್ದು ಹೀಗೆ ಬಣ್ಣ ಸಮೇತ ಹೊರಗೆ ಹೋಗುವುದುಂಟು.

ಶಭಾಷ್ ಮಾಸ್ತರ್! ಸಾಹೇಬರು ಬರುವ ಹಿಂದಿನ ದಿನದ ತಯಾರಿ! ನಾಲ್ಕನೇ ಬೆಂಚಿನವರನ್ನು ಮನೆಗೆ ಕಳಿಸಿ ಎಂಟನೇ ಇಯತ್ತೆಯವರನ್ನು ತಂದು ಕೂರಿಸಿದ್ದಾರೆ. ಆಮೇಲೆ ಗೊತ್ತಾಯಿತು, ರವಿವಾರ ಸಂಬಂಧಿಕರ ಮನೆ ಅಂತ ಹೇಳಿ ಮನಗೂಳಿಗೆ ಹೋಗಿದ್ದರು. ಅಲ್ಲಿ ಅವರ ಹಳೆಯ ವಿದ್ಯಾರ್ಥಿ ಜಹೀರ ಕಂಪೌಂಡರ್. ಗುರುಗಳು ಹೇಳಿದ ಮೇಲೆ ಅವನು ಯಾಕೆ ಅಂತ ಕೇಳುತ್ತಾನೆಯೇ? ಒಂದು ಸೂಜಿ ಹಾಕಿ, ಕಾಲು ಮುಟ್ಟಿ ನಮಸ್ಕಾರ ಮಾಡಿ ಕಳಿಸಿದ.

ಈಗ ನನ್ನ ವಿಷಯ. ಮೂತ್ರದ ರಿಪೋರ್ಟಿನಲ್ಲಿ ಬಣ್ಣ ಅಂತ ಒಂದು ಸಾಲು ಇರುತ್ತದೆ. ಅದನ್ನು ತುಂಬುವವಳು ನಾನೇ. ಗುಲಾಬಿ ಎಂದು ಬರೆದಿದ್ದರೆ ಮುಂದಿನ ಡಾಕ್ಟರು ಯಾಕೆ ಎಂದು ಕೇಳುತ್ತಿದ್ದರು, ಸೂಜಿಯ ಗುಟ್ಟು ಬಯಲಾಗುತ್ತಿತ್ತು. ಮಾಸ್ತರರು ಬಂದು ಲ್ಯಾಬಿನಲ್ಲಿ ಕೂಗಾಡುತ್ತಿದ್ದರು, ನಾಲ್ಕನೇ ಬೆಂಚಿಗೆ ಬಣ್ಣವೂ ತಿಳಿಯುವುದಿಲ್ಲ ಅನ್ನುತ್ತಿದ್ದರು. ನನಗೆ ಅಷ್ಟು ಸಿಟ್ಟಿತ್ತು ಅವರ ಮೇಲೆ. ಕುಣಿಯಲಿ ಮುದುಕ, ಎಷ್ಟು ಎತ್ತರ ಕುಣಿಯುತ್ತಾನೋ ಕುಣಿಯಲಿ, ಆಮೇಲೆ ಬೀಳುವುದನ್ನು ನೋಡೋಣ ಅನ್ನಿಸಿತು. ಹೇಗೂ ಒಂದು ಸೂಜಿಯಾದರೂ ಆ ತಾಯಿಗೆ ಬಿದ್ದಿದೆಯಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ತಿಳಿ ಹಳದಿ ಎಂದು ಬರೆದೆ.

ಬಿ-ಟ್ವೆಲ್ವ್ ಬಂತು, ಎರಡು ಸಾವಿರದ ಮೇಲೆ. ಎಷ್ಟು ಮೇಲೆ ಎಂದು ಹೇಳಲು ಆಗುವುದಿಲ್ಲ, ಮಷಿನ್ ಅಳೆಯುವುದೇ ಅಷ್ಟರವರೆಗೆ. ಬುದ್ಧಿ ಇದ್ದವರಿಗೆ ಅಲ್ಲೇ ಸಂಶಯ ಬರಬೇಕು. ಒಂಬೈನೂರರ ಒಳಗೆ ಇರಬೇಕಾದ್ದು ಎರಡು ಸಾವಿರ ದಾಟಿದರೆ ಅದು ಆರೋಗ್ಯ ಹೇಗಾದೀತು? ಆದರೆ ಮಾಸ್ತರರು ಅದನ್ನು ಲ್ಯಾಮಿನೇಟ್ ಮಾಡಿಸಿದರು. ಸಂಘದ ಹಾಲ್‌ನಲ್ಲಿ ಎತ್ತಿ ಹಿಡಿದು ತೋರಿಸಿದರು.

“ರಾವಸಾಬ, ನಿಂದೆಷ್ಟು? ನಾನೂರ ಎಂಬತ್ತು. ನಮ್ಮ ಮನ್ಯಾಗಿನ ಹೆಣ್ಣುಮಗಳದ್ದು ಎರಡು ಸಾವಿರ! ಕುರಿ ತಿಂದವ ಹೆಚ್ಚೋ, ಹುಳಿಯನ್ನ ಉಂಡಾಕಿ ಹೆಚ್ಚೋ?”

ಚಪ್ಪಾಳೆ ಬಿತ್ತು. ಎರಡು ಸಾವಿರದ ಒಡತಿ ಮೂಲೆಯ ಕುರ್ಚಿಯಲ್ಲಿ ಕೂತು ಬೆರಳು ಹಿಚುಕಿಕೊಳ್ಳುತ್ತಿದ್ದರು, ಆಗ ಕೈ ಬೆರಳಿಗೂ ಜುಮು ಜುಮು ಏರಿತ್ತು. ಪಾಸಾದ ಮೇಲೆ ಮತ್ತೆ ಓದು ಯಾಕೆ? ಎರಡನೇ ಸೂಜಿ ಬೀಳಲೇ ಇಲ್ಲ.

ಡಿಸೆಂಬರ್‌ನಲ್ಲಿ ತುಳಸೀಬಾಯಿ ಬಚ್ಚಲಲ್ಲಿ ಮುಖ ತೊಳೆಯುತ್ತ ಕಣ್ಣು ಮುಚ್ಚಿದವರು ಹಂಡೆಯ ಮೇಲೆ ಬಿದ್ದರು. ಕುಪ್ಪಸದ ಗುಂಡಿ ಹಾಕಿಕೊಳ್ಳಲು ಆಗದು, ರಂಗೋಲಿ ಎಳೆ ಬೆರಳಿಗೆ ಸಿಗದು. ಮಾಸ್ತರರು ಅವರನ್ನು ವಿಜಯಪುರಕ್ಕೆ ಕರೆದೊಯ್ದು ನರಗಳ ಡಾಕ್ಟರಿಗೆ ತೋರಿಸಿದರು. ಫೈಲಿನ ಎಲ್ಲದಕ್ಕಿಂತ ಮೇಲೆ ಆ ಲ್ಯಾಮಿನೇಟ್ ಮಾಡಿದ ಕಾಗದ. ಡಾಕ್ಟರು ನೋಡಿ ಬೆಚ್ಚಿದರಂತೆ. ಮೂರು ಸಲ ಕೇಳಿದರಂತೆ, ಸೂಜಿ ಏನಾದರೂ, ಗುಳಿಗೆ ಏನಾದರೂ, ಶಕ್ತಿಯ ಪುಡಿ ಏನಾದರೂ? ಮಾಸ್ತರರು ಮೂರು ಸಲವೂ ಎದೆ ಉಬ್ಬಿಸಿ, “ಏನೂ ಇಲ್ರಿ, ಬರೇ ಮನಿ ಊಟ” ಅಂದರು. ಹಾಗಾದರೆ ವಿಚಾರ ಬೇರೆ, ಅಂದರು ಡಾಕ್ಟರು. ಹೊರಗಿನಿಂದ ಏನೂ ಹಾಕದೆ ಬಿ-ಟ್ವೆಲ್ವ್ ಇಷ್ಟು ಏರಿದರೆ ಲಿವರ್ ಕೆಟ್ಟಿರಬಹುದು, ಕಿಡ್ನಿ ಕೆಟ್ಟಿರಬಹುದು, ರಕ್ತದ ಕ್ಯಾನ್ಸರ್ ಕೂಡ ಇರಬಹುದು. ಒಂದೊಂದೇ ನೋಡೋಣ. ಡಾಕ್ಟರಾದರೂ ಏನು ಮಾಡಿಯಾರು? ಕೇಳಿದ್ದಕ್ಕೆ ಸುಳ್ಳು ಹೇಳಿದರೆ ಸುಳ್ಳಿಗೇ ಔಷಧ ಹುಡುಕಬೇಕಾಗುತ್ತದೆ. ಕಾಲಿಗೆ ಬೇಕಾದ ಒಂದೇ ಒಂದು ಔಷಧವನ್ನು, ಬೇಕಾದ್ದಕ್ಕಿಂತ ಹೆಚ್ಚಿದೆ ಎಂದು ಕೊಡಲಿಲ್ಲ.

ಸ್ಕ್ಯಾನ್ ಆಯಿತು, ಹೊಟ್ಟೆ ನೋಡಿದ್ದಾಯಿತು, ಏನೂ ಸಿಗಲಿಲ್ಲ. ಜನವರಿ ಮುಗಿಯುತ್ತ ಬಂತು. ಒಂದು ದಿನ ಮಧ್ಯಾಹ್ನ ಮಾಸ್ತರರಿಂದ ಲ್ಯಾಬಿಗೆ ಫೋನು, ಮನೆಗೇ ಬಂದು ರಕ್ತ ತೆಗೆಯಬೇಕು, ಬಾಯಾರಿಗೆ ಮೆಟ್ಟಿಲು ಇಳಿಯಲು ಆಗುವುದಿಲ್ಲ.

ಹೋದೆ. ಅಕ್ಟೋಬರ್‌ನಲ್ಲಿ ಗೋಡೆ ಹಿಡಿದು ನಡೆದವರು ಈಗ ಹಾಸಿಗೆಯಲ್ಲಿ ಕೂತಿದ್ದರು. ಕಾಲು ಎರಡೂ ಮುಂದಕ್ಕೆ ಚಾಚಿದ್ದವು, ಅವು ತನ್ನವಲ್ಲ ಅನ್ನುವ ಹಾಗೆ ನೋಡುತ್ತಿದ್ದರು. ಎಡ ಹಿಮ್ಮಡಿಯಲ್ಲಿ ಸುಟ್ಟ ಗಾಯ, ಒಲೆಯ ಪಕ್ಕದ ಕೆಂಡ ತುಳಿದದ್ದು ಎರಡು ದಿನ ಗೊತ್ತೇ ಆಗಿರಲಿಲ್ಲವಂತೆ. ಗೋಡೆಯ ಮೇಲೆ ದೇವರ ಪಟದ ಪಕ್ಕದಲ್ಲೇ ಎರಡು ಸಾವಿರ ತೂಗುತ್ತಿತ್ತು. ಡಾಕ್ಟರ ಚೀಟಿ ತೆಗೆದು ನೋಡಿದೆ. ಮುಂದಿನ ಬುಧವಾರ ಮೂಳೆಯೊಳಗಿನ ಮಜ್ಜೆ ತೆಗೆದು ತಪಾಸಣೆ.

“ಕ್ಯಾನ್ಸರ್ ಇರಬಹುದಂತ ರಾಜೇಶ್ವರಿ” ಅಂದರು ತುಳಸೀಬಾಯಿ. “ಎಲುಬಿನ್ಯಾಗ ಸೂಜಿ ಇಳಸ್ತಾರಂತ. ನನಗ ಭಾಳ ಹೆದರಿಕಿ ಆಗ್ಯದ.”

ಮಾಸ್ತರರ ಕಡೆ ತಿರುಗಿದೆ. ಅವರು ಕುರ್ಚಿಯಲ್ಲಿ ಕೂತು ಚೀಟಿಯಲ್ಲಿನ ಒಂದು ಕಾಗುಣಿತಕ್ಕೆ ಕೆಂಪು ಸುತ್ತು ಹಾಕುತ್ತಿದ್ದರು. ಆ ಸುತ್ತು ನೋಡಿ ನನಗೆ ಇನ್ನು ತಡೆಯಲಾಗಲಿಲ್ಲ.

“ಸರ್, ಮನಗೂಳಿಯೊಳಗ ಸೂಜಿ ಮಾಡಿಸಿದ್ದು ಡಾಕ್ಟರಿಗೆ ಹೇಳೀರೋ ಇಲ್ಲೋ?”

“ಯಾವ ಸೂಜಿ? ಏ, ಏನ್ ಮಾತಾಡ್ತೀ ನೀನು?”

“ಸೋಮವಾರ ರಕ್ತ, ರವಿವಾರ ಸೂಜಿ. ಬಾಟಲಿಯೊಳಗಿನ ಬಣ್ಣ ನೋಡಿದಾಗನ ನನಗ ತಿಳದೈತ್ರಿ. ಬಾಯಾರಿಗೆ ಕ್ಯಾನ್ಸರ್ ಇಲ್ಲ, ಏನೂ ಇಲ್ಲ. ಸೂಜಿ ಹಾಕಿದ ಮರುದಿವಸ ರಕ್ತ ತಗದ್ರ ನನ್ನದೂ ಎರಡು ಸಾವಿರ ಬರತೈತಿ, ನಿಮ್ಮದೂ ಬರತೈತಿ, ನಿಮ್ಮ ಕುರ್ಚಿದೂ ಬರತೈತಿ! ಅಂಕಿ ಏರಿತಂದ್ರ ನರಕ್ಕ ಹೊಟ್ಟಿ ತುಂಬಿತು ಅಂತ ಅಲ್ರೀ. ಇಷ್ಟು ದಿವಸ ಸೂಜಿ ಬಿದ್ದಿದ್ರ ಇವರು ಎದ್ದು ಓಡ್ಯಾಡ್ತಿದ್ರು.”

“ನಾಲ್ಕನೇ ಬೆಂಚು!” ಎಂದು ಮಾಸ್ತರರು ಎದ್ದು ನಿಂತರು. ಮೊದಲಿನ ಗತ್ತೇ. ತುಳಸೀಬಾಯಿ ಅವರನ್ನೇ ನೋಡುತ್ತಿದ್ದರು.

“ಖರೇ ಏನ್ರಿ?” ಎಂದು ಕೇಳಿದರು. “ಶಕ್ತಿ ಸೂಜಿ ಅಂದಿದ್ರಿ ನೀವು. ಯಾರ ಮುಂದೂ ಹೇಳಬ್ಯಾಡ ಅಂದಿದ್ರಿ. ನಾ ಹೇಳಲಿಲ್ಲ. ಇದಕ್ಕ ಹಂಗ ಅಂದಿದ್ರೇನು?”

ಮಾಸ್ತರರು ಮತ್ತೆ ಕೂತರು. ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಈಗಲಾದರೂ ಹೆಂಡತಿಯ ಕಾಲು ಮುಟ್ಟಿ ನೋಡುತ್ತಾರೆ, ತಪ್ಪಾಯಿತು ಅನ್ನುತ್ತಾರೆ ಎಂದುಕೊಂಡೆ ನಾನು, ದಡ್ಡಿ. ಅವರು ಕೇಳಿದ್ದು ಇದು:

“ಈಗ ಡಾಕ್ಟರ್ ಮುಂದ ಏನಂತ ಹೇಳೋದು? ಮೂರು ಸಲ ಕೇಳ್ಯಾರ ಅವರು. ಸಂಘದಾಗ ಗೊತ್ತಾದ್ರ ನನ್ನ ಮಾರಿ ಎಲ್ಲಿ ಇಡಲಿ?”

ಮಾರಿ ಎಲ್ಲಿಡಬೇಕಂತೆ! ಹೆಂಡತಿಗೆ ಕಾಲು ಎಲ್ಲಿಡಬೇಕು ತಿಳಿಯುತ್ತಿಲ್ಲ, ಇವರಿಗೆ ಮುಖದ ಚಿಂತೆ. ನನ್ನ ಬಾಯಿಗೆ ಬಂದದ್ದನ್ನು ನಾನು ಅಲ್ಲಿ ಅನ್ನಲಿಲ್ಲ, ಇಲ್ಲೂ ಬರೆಯುವುದಿಲ್ಲ. ತುಳಸೀಬಾಯಿ ಕೈ ಚಾಚಿ, “ಫೋನ್ ಕೊಡು ರಾಜೇಶ್ವರಿ, ನಾನ ಹೇಳ್ತೀನಿ” ಅಂದರು. ಅವರ ಬೆರಳಿಗೆ ಅಂಕಿ ಸಿಗಲಿಲ್ಲ, ನಂಬರು ನಾನೇ ಒತ್ತಿದೆ. ಮೂವತ್ತೈದು ವರ್ಷದ ಸಂಸಾರದಲ್ಲಿ ಗಂಡನ ಎದುರು ಅವರು ಮತ್ತೊಬ್ಬರಿಗೆ ಸತ್ಯ ಹೇಳಿದ್ದು ಅದೇ ಮೊದಲಿರಬೇಕು. ಆ ಕಡೆಯಿಂದ ಡಾಕ್ಟರು ಬೈದದ್ದು ಇಡೀ ಕೋಣೆಗೆ ಕೇಳಿಸಿತು. ಮಜ್ಜೆಯ ತಪಾಸಣೆ ರದ್ದಾಯಿತು. ಬೇರೊಂದು ರಕ್ತ ಪರೀಕ್ಷೆ ಇದೆ, ಬರೀ ಬಿ-ಟ್ವೆಲ್ವ್ ಅಂಕಿಯನ್ನು ನಂಬದೆ ಮೈಗೆ ಅದರ ಕೊರತೆ ಇದೆಯೇ ಎಂದು ಹೇಳುವಂಥದು, ಅದನ್ನು ಮಾಡಿಸಿದರು. ಕೊರತೆ ಎಷ್ಟು ಅಂದರೆ ಅಷ್ಟು.

ನಾನೂ ಅಂದು ಎಲ್ಲ ಹೇಳಿಬಿಟ್ಟೆ ಅಂದುಕೊಳ್ಳಬೇಡಿ. ಬಣ್ಣ ನೋಡಿದ್ದನ್ನು ಹೇಳಿದೆ. ಹಳದಿ ಎಂದು ಬರೆದದ್ದನ್ನು ಹೇಳಲಿಲ್ಲ.

ಮರುದಿನದಿಂದ ಸೂಜಿ ಶುರುವಾಯಿತು. ದಿನ ಬಿಟ್ಟು ದಿನ, ಲ್ಯಾಬಿಗೆ ಹೋಗುವ ಮೊದಲು ನಾನೇ ಹೋಗಿ ಹಾಕಿ ಬರುತ್ತಿದ್ದೆ. ಯಾರೂ ಹೇಳದೇ ಒಪ್ಪಿಕೊಂಡ ಕೆಲಸ ಅದು. ಬಾಗಿಲು ತೆಗೆಯುವವರು ಮಾಸ್ತರರು. “ಬಾ” ಅನ್ನುತ್ತಿದ್ದರು, ಅಷ್ಟೇ, ಬೆಂಚಿನ ನಂಬರು ಇಲ್ಲ. ಲ್ಯಾಮಿನೇಟ್ ಮಾಡಿದ ಕಾಗದ ಗೋಡೆಯಿಂದ ಇಳಿದಿತ್ತು. ಎಲ್ಲಿ ಹೋಯಿತು ಅಂದುಕೊಂಡಿದ್ದೆ, ಒಂದು ದಿನ ಅಡುಗೆ ಮನೆಯಲ್ಲಿ ಕಂಡಿತು. ತುಳಸೀಬಾಯಿ ಅದನ್ನು ಹಾಲಿನ ಪಾತ್ರೆಗೆ ಮುಚ್ಚಳ ಮಾಡಿಕೊಂಡಿದ್ದರು. ಸಂಘಕ್ಕೆ ಸುದ್ದಿ ಮುಟ್ಟದೇ ಇರುತ್ತದೆಯೇ? ಮುಟ್ಟಿತು. ಮಾಸ್ತರರು ಆರೋಗ್ಯದ ಕಾರಣ ಕೊಟ್ಟು ಅಧ್ಯಕ್ಷತೆ ಬಿಟ್ಟರು. ಯಾರ ಆರೋಗ್ಯ ಎಂದು ಬರೆಯಲಿಲ್ಲವಂತೆ. ರಾವಸಾಬ ನನ್ನ ಮುಂದೆ ಬಿದ್ದು ಬಿದ್ದು ನಕ್ಕು, ಆಮೇಲೆ ಬಾಯಾರ ಕಾಲು ಹೇಗಿದೆ ಎಂದು ಕೇಳಿದ.

ಎರಡು ತಿಂಗಳಲ್ಲಿ ಕೈ ಬಂತು. ಗುಂಡಿ ಹಾಕಿಕೊಂಡರು, ಹೂಬತ್ತಿ ಹೊಸೆದರು, ಅಂಗಳಕ್ಕೆ ವಕ್ರವಾಗಿಯಾದರೂ ರಂಗೋಲಿ ಹಾಕಿದರು. ಕಾಲು ಅರ್ಧವೇ ಬಂದದ್ದು. ಈಗ ವಾಕರ್ ಹಿಡಿದು ಬಚ್ಚಲಿಗೆ ಹೋಗುತ್ತಾರೆ, ಹೊಸ್ತಿಲು ದಾಟುವಾಗ ಕೆಳಗೆ ನೋಡಿ ದಾಟುತ್ತಾರೆ. ಪಾದದ ಅಡಿ ನೆಲ ಇದೆಯೋ ಇಲ್ಲವೋ ಎಂದು ಕಣ್ಣೇ ಹೇಳಬೇಕು. ಇನ್ನು ಇಷ್ಟೇ, ಉಳಿದದ್ದು ತಡವಾಗಿ ಹೋಯಿತು ಅಂದಿದ್ದಾರೆ ಡಾಕ್ಟರು. ಅಕ್ಟೋಬರ್‌ನಲ್ಲಿ ಶುರು ಮಾಡಿದ್ದರೆ ಬೇರೆ ಮಾತಿತ್ತಂತೆ.

ಕಳೆದ ವಾರ ತಿಂಗಳ ಸೂಜಿ ಹಾಕಲು ಹೋಗಿದ್ದೆ. ಮಾಸ್ತರರು ಹಾಲು ತರಲು ಹೋಗಿದ್ದರು, ಈಗ ಎರಡು ಲೀಟರ್ ತರುತ್ತಾರೆ. ತುಳಸೀಬಾಯಿ ಹಳೆಯ ಫೈಲು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ನಾನು ಔಷಧದ ಸೀಸೆ ಒಡೆದು ಕೆಂಪು ನೀರನ್ನು ಸಿರಿಂಜಿಗೆ ಎಳೆದುಕೊಳ್ಳುತ್ತಿದ್ದೆ. ಅವರು ಒಂದು ಕಾಗದ ನನ್ನ ಮುಂದೆ ಹಿಡಿದರು. ಅಕ್ಟೋಬರ್‌ನ ಮೂತ್ರದ ರಿಪೋರ್ಟು.

“ಬಾಟಲಿ ಬಣ್ಣ ನಾನೂ ನೋಡಿದ್ದೆ ರಾಜೇಶ್ವರಿ. ಗುಲಾಬಿ ಇತ್ತು. ಇಲ್ಲಿ ಹಳದಿ ಅಂತ ಬರದದ. ಬರದಾಕಿ ನೀನ ಅಲ್ಲೇನು?”

“ಹೌದ್ರಿ” ಅಂದೆ.

“ಅವರು ತಮ್ಮ ಮಾನ ಉಳಿಸಿಕೊಳ್ಳಲಿಕ್ಕೆ ಸುಳ್ಳು ಹೇಳಿದ್ರು. ನೀ ಯಾತಕ್ಕ ಬರದಿ?”

ಯಂಕಂಚಿಯ ಬೆಂಚು, ಜೋಳದ ಹೊಲ, ಹೊಟ್ಟೆನೋವಿನ ಸುಳ್ಳು, ಎಲ್ಲ ಬಾಯಿಯವರೆಗೆ ಬಂತು. ಅದೆಲ್ಲ ಅವರಿಗೆ ಯಾಕೆ? ಕೊನೆಗೆ, “ಸರ್ ಮ್ಯಾಲಿನ ಸಿಟ್ಟಿಗೆ ಬರದೇನ್ರಿ” ಅಂದೆ.

ತುಳಸೀಬಾಯಿ ಕಾಗದ ಮಡಿಸಿ ಫೈಲಿನೊಳಗೆ ಇಟ್ಟರು. ಕುಪ್ಪಸದ ತೋಳು ತಾವೇ ಮೇಲಕ್ಕೆ ಸರಿಸಿ, ತೋಳನ್ನು ನನ್ನ ಕಡೆಗೆ ತಿರುಗಿಸಿದರು.

“ಸಿಟ್ಟು ಅವರ ಮ್ಯಾಲ. ಕಾಲು ನನ್ನವು” ಅಂದರು. “ಹಾಕು.”